ಮುಂದಿನ ಹಲಗೆ

ಪೆಟ್ರೋಲಿಗೆ ಎಣ್ಣೆ ಬೆರೆಸಿದ ಡಬ್ಬವನ್ನು ಒದ್ದೆ ಹಗ್ಗದ ಸುರುಳಿಯ ಮೇಲಿಟ್ಟು ಬಿಸಿಲಿಗೆ ಬಿಟ್ಟರೆ ಒಂದು ವಾಸನೆ ಏಳುತ್ತದೆ. ಅವನ ಅಪ್ಪನ ಕೈಗಳಲ್ಲಿ ಯಾವಾಗಲೂ ಆ ವಾಸನೆ ಇರುತ್ತಿತ್ತು. ಎರಡೆರಡು ಸಲ ಸಾಬೂನು ಹಚ್ಚಿ ತೊಳೆದು ಊಟಕ್ಕೆ ಕೂತರೂ ತುತ್ತಿನ ಜೊತೆ ಅದೂ ಬಾಯಿಗೆ ಬರುತ್ತದೆಂದು ಅಪ್ಪ ಗೊಣಗುತ್ತಿದ್ದರು. ಅಕ್ಕ ಮಾತಿಲ್ಲದೆ ಎದ್ದುಹೋಗಿ ಹಿಂಡಿದ ನಿಂಬೆಹಣ್ಣಿನ ಹೋಳೊಂದನ್ನು ತಂದು ಅವರ ಅಂಗೈಯಲ್ಲಿ ಇಡುತ್ತಿದ್ದಳು. ಉಜ್ಜಿಕೊಂಡ ಮೇಲೆ ಎರಡೂ ವಾಸನೆ ಸೇರಿ ಮೂರನೆಯದೊಂದು ಹುಟ್ಟುತ್ತಿತ್ತು. ಅವನ ಪಾಲಿಗೆ ಆ ಮೂರನೆಯ ವಾಸನೆಯೇ ಅಪ್ಪ. ಇವತ್ತು ಬೆಳಿಗ್ಗೆ ದೋಣಿ ಎಂಜಿನ್ನುಗಳ ಅಂಗಡಿಯ ಮೆಟ್ಟಿಲು ಹತ್ತುವಾಗ ಅವನು ಮೂಗು ಅರಳಿಸಿಕೊಂಡೇ ಹತ್ತಿದ್ದ. ಒಳಗೆ ಹೊಸ ರಬ್ಬರು, ರಟ್ಟಿನ ಪೆಟ್ಟಿಗೆ, ಆಗಷ್ಟೇ ನೆಲ ಒರೆಸಿದ ಫಿನಾಯಿಲು. ಕಬ್ಬಿಣದ ಚೌಕಟ್ಟುಗಳಿಗೆ ಸಾಲಾಗಿ ಸಿಕ್ಕಿಸಿದ್ದ ಎಂಜಿನ್ನುಗಳು, ದಪ್ಪ ತಲೆ, ಒಂದೇ ಕಾಲು, ತರಗತಿಯ ಹೊರಗೆ ಒಂಟಿಕಾಲಲ್ಲಿ ನಿಲ್ಲಿಸಿದ ಮಕ್ಕಳ ಹಾಗೆ ಅವನನ್ನೇ ನೋಡುತ್ತಿದ್ದವು.

“ಈಗಿನದರಲ್ಲಿ ಎಣ್ಣೆ ಬೆರೆಸೋ ರಗಳೆ ಇಲ್ಲ ಸಾರ್,” ಎಂದಳು ಅಂಗಡಿಯ ಒಡತಿ. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ ಗಟ್ಟಿ ದನಿಯ ಹೆಂಗಸು. “ಹೊಗೆ ಇಲ್ಲ, ವಾಸನೆ ಇಲ್ಲ. ತೊಡೆ ಮೇಲೆ ಮಲಗಿರೋ ಮಗು ಏಳಲ್ಲ. ದೋಣಿ ಎಷ್ಟುದ್ದ?”

ಅವನು ಉದ್ದ ಹೇಳಿದ. ಮರದ್ದು, ಅಪ್ಪನ ಕಾಲದ್ದು, ಹಿಂದಿನ ಹಲಗೆ ಮಾತ್ರ ಹೊಸದು ಎಂದೂ ಹೇಳಿದ. ಹೊಳೆಯನ್ನು ಅಡ್ಡ ದಾಟಬೇಕು, ನಡುವೆ ಸೆಳೆತ ಇದೆ ಎಂದ. ಇವೆಲ್ಲ ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರಗಳು. ಒಂದು ವಾರದಿಂದ ಅಳೆದೂ ತೂಗಿ ಅವನು ಎರಡು ಎಂಜಿನ್ನುಗಳ ನಡುವೆ ಬಂದು ನಿಂತಿದ್ದ. ಎಂಟು ಕುದುರೆಶಕ್ತಿಯದು ಒಂದು, ಹದಿನೈದರದು ಒಂದು. ಎಂಟು ಎಂದುಕೊಂಡು ಮಲಗಿದರೆ ಹದಿನೈದು ಎಂದುಕೊಂಡು ಏಳುತ್ತಿದ್ದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆಯಲ್ಲಿ ಎತ್ತು ಯಾವುದು ಕೋಣ ಯಾವುದು ಎಂದು ಹೆಂಡತಿಯೂ ಕೇಳಿಯಾಗಿತ್ತು.

“ಕೂರೋರು ಎಷ್ಟು ಜನ?”

“ಇಬ್ಬರು. ಅಲ್ಲ, ಮೂವರು. ನಾನು, ನಮ್ಮ ಮನೆಯವಳು. ನಮ್ಮಕ್ಕ.”

“ತೂಕ?”

“ಯಾರದು?”

“ಎಲ್ಲರದೂ ಸಾರ್. ಎಂಜಿನ್ ಅನ್ನೋದು ದೋಣಿ ನೋಡಿ ತಗೊಳ್ಳೋದಲ್ಲ, ಕೂರೋರನ್ನ ನೋಡಿ ತಗೊಳ್ಳೋದು. ಗಂಡಸರು ಸ್ವಲ್ಪ ಏರಿಸಿ ಹೇಳ್ತಾರೆ, ಹೆಂಗಸರು ಇಳಿಸಿ ಹೇಳ್ತಾರೆ. ನಾನು ಮನಸ್ಸಲ್ಲೇ ಸರಿಮಾಡ್ಕೋತೀನಿ. ಅಷ್ಟಕ್ಕೂ ಅನುಮಾನ ಇದ್ರೆ ಅಲ್ಲಿದೆ ನೋಡಿ,” ಎಂದು ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ತೋರಿಸಿದಳು. “ಮನೆಮಂದಿನೆಲ್ಲ ಕರ್ಕೊಂಡು ಬನ್ನಿ, ತೂಗಿಬಿಡೋಣ.”

ಆ ಯಂತ್ರದ ಮೇಲೆ ಮುದ್ರೆ ಇರಲಿಲ್ಲ ಎಂಬುದು ಅವನ ಕಣ್ಣಿಗೆ ಮೊದಲೇ ಬಿದ್ದಿತ್ತು. ಅವನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಎರಡೂ ದಡದ ಸಂತೆಬೀದಿಗಳಲ್ಲಿ ಅವನನ್ನು ತೂಕದ ಸಾಹೇಬರು ಎಂದೇ ಕರೆಯುತ್ತಿದ್ದರು. ಅವನು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, ಇನ್ನೊಂದು ತುದಿಯವರೆಗೆ ತಕ್ಕಡಿಗಳು ಸದ್ದಿಲ್ಲದೆ ಸರಿಯಾಗುತ್ತಿದ್ದವು. ಒಂದು ಮೂಟೆಯನ್ನೋ ಒಂದು ಕುಂಬಳಕಾಯಿಯನ್ನೋ ನೋಡಿದ ಮಾತ್ರಕ್ಕೆ ಅವನ ತಲೆಯಲ್ಲಿ ಸಂಖ್ಯೆ ಬಂದು ಕೂರುತ್ತಿತ್ತು. ಬಸ್ಸಿನಲ್ಲಿ ಎದುರಿಗೆ ಕೂತವರ ತೂಕವನ್ನು ಮನಸ್ಸಿನಲ್ಲೇ ಅಂದಾಜಿಸುವುದು ಎಷ್ಟೋ ವರ್ಷದ ಚಟ. ಈಗ ತನ್ನದನ್ನು ಹೇಳಿದ, ಹೆಂಡತಿಯದನ್ನು ಹೇಳಿದ. ಅಕ್ಕನದು ಬಂದಾಗ ಬೇಡ ಎಂದುಕೊಂಡ. ಆದರೂ ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

“ಎಂಬತ್ತೆಂಟು.”

ಒಡತಿ ಪೆನ್ನು ತೆಗೆದವಳು ಅವನನ್ನು ನೋಡಿ ನಕ್ಕಳು. “ಅಕ್ಕನ ತೂಕ ಇಷ್ಟು ಕರಾರುವಾಕ್ಕಾಗಿ ಗೊತ್ತಿರೋ ತಮ್ಮನ್ನ ಇವತ್ತೇ ನೋಡ್ತಿರೋದು ನಾನು. ಹಾಗಾದ್ರೆ ಹದಿನೈದೇ ಹಾಕಿ ಸಾರ್. ಎಂಟು ಏದುಸಿರು ಬಿಡುತ್ತೆ.”

ಅವನೂ ನಗಬೇಕೆಂದು ತುಟಿ ಅಗಲಿಸಿದ. ಶರಟಿನ ಜೇಬಿನಲ್ಲಿ ಕೈಯಿಟ್ಟು, ರಜೆಯ ದಿನವೂ ಜೊತೆಗೇ ಇರುವ ಸಣ್ಣ ಮುದ್ರೆಯ ಅಚ್ಚನ್ನು ಬೆರಳಿನಲ್ಲಿ ತಿರುಗಿಸತೊಡಗಿದ. ಎಂಬತ್ತೆಂಟು. ಆ ಸಂಖ್ಯೆಯನ್ನು ಅವನು ಇದಕ್ಕೆ ಮೊದಲು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದ. ಈಗ ಗಾಜಿನ ಬಾಗಿಲಿನಲ್ಲಿ ತನ್ನ ಮುಖ ಕಂಡಾಗ, ಆ ಮೊದಲ ಸಲ ಹೇಳಿದ ಬಾಯಿಯೂ ಇದೇ ಅಲ್ಲವೇ ಅನ್ನಿಸಿತು. ಮೀಸೆ ನೆರೆತಿದೆ. ಬಾಯಿ ಅದೇ.

ಅವನಿಗೆ ಕೆಲಸ ಸಿಕ್ಕ ಹೊಸತು. ಆಚೆ ದಡದ ಆಸ್ಪತ್ರೆಯಲ್ಲಿ ಆಗಲೇ ನರ್ಸ್ ಆಗಿದ್ದ ಅಕ್ಕ ರಜೆ ಹಾಕಿ ಅವನ ಆಫೀಸು ನೋಡಲು ಬಂದಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಎಲ್ಲರಿಗೂ ಹಂಚಲು ಸಿಹಿಯ ಪೊಟ್ಟಣ. ಅವನು ಅವಳಿಗೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ತೋರಿಸಿದ. ಕೂದಲೆಳೆಯನ್ನೂ ತೂಗುವ ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ತೋರಿಸಿದ. ಕೊನೆಗೆ ನೆಲದ ಮಟ್ಟಕ್ಕೆ ಕೂರಿಸಿದ್ದ ದೊಡ್ಡ ತಕ್ಕಡಿಯ ಹತ್ತಿರ ಕರೆತಂದು, ನಿಂತು ನೋಡಕ್ಕ, ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ನಿಖರವಾದದ್ದು ಇಲ್ಲ ಎಂದ. ಅಕ್ಕ ಚಪ್ಪಲಿ ಬಿಟ್ಟು ಹತ್ತಿದಳು. ಶಾಲೆಯಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ, ಕೈ ಇಳಿಬಿಟ್ಟು ನಿಂತಳು. ಅವನು ಮುಳ್ಳನ್ನು ನೋಡಿದ. ಏನೂ ಹೇಳಲಿಲ್ಲ. ಅವಳು ಇಳಿದು ಚಪ್ಪಲಿ ಮೆಟ್ಟಿಕೊಂಡಳು.

ಅದಾಗಿ ಕೆಲವೇ ದಿನಕ್ಕೆ ಅವನು ಆಫೀಸಿನ ಗೆಳೆಯರನ್ನು ದೋಣಿಯಲ್ಲಿ ಸುತ್ತಾಡಿಸಲು ಕರೆದಿದ್ದ. ಅಡುಗೆ ಮಾಡಿ ಬುಟ್ಟಿಗೆ ತುಂಬಿ ತಂದವಳು ಅಕ್ಕ. ಅವರ ಮನೆಯ ದೋಣಿಯಲ್ಲಿ ಒಂದು ಕ್ರಮ ಇತ್ತು. ಎಂಜಿನ್ನಿನ ಭಾರ ಹಿಂದೆ, ಅದನ್ನು ನಡೆಸುವ ಅಪ್ಪನ ಭಾರವೂ ಹಿಂದೆ. ಹಾಗಾಗಿ ಮೂತಿ ಮೇಲೇಳದಿರಲು ಮುಂದಿನ ಹಲಗೆಯ ಮೇಲೆ ಭಾರ ಬೇಕು. ಚಿಕ್ಕಂದಿನಿಂದಲೂ ಮೈಕೈ ತುಂಬಿಕೊಂಡಿದ್ದ ಅಕ್ಕನ ಜಾಗ ಅದು. ಅಪ್ಪ ಅವಳನ್ನು ‘ನಮ್ಮ ಮುಂದಾಳು’ ಎನ್ನುತ್ತಿದ್ದರು. ಅಲ್ಲಿ ಕೂತವರಿಗೆ ಅಲೆಯ ಎರಚಲೆಲ್ಲ ಮೊದಲು ಬಡಿಯುತ್ತದೆ. ಅವಳ ಬೆನ್ನಿನ ಹಿಂದೆ ಅವನೂ ಅಮ್ಮನೂ ಒಣಗಿಕೊಂಡೇ ಕೂರುತ್ತಿದ್ದರು. ದಡ ಸೇರಿದ ಮೇಲೆ ಅಕ್ಕ ಜಡೆ ಹಿಂಡಿಕೊಳ್ಳುವುದನ್ನು ನೋಡಿ ಅವನು ನಗುತ್ತಿದ್ದ. ಆ ಎರಚಲು ತನ್ನ ಪಾಲಿನದ್ದೂ ಆಗಿತ್ತು ಎಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ. ಅವತ್ತೂ ಅವಳು ಹೊಳೆಯ ಕಟ್ಟೆಯ ಮೇಲೆ ನಿಂತು, ರೂಢಿಯಂತೆ ಸೀರೆಯ ನಿರಿಗೆ ಎತ್ತಿ ಹಿಡಿದು ದೋಣಿಯ ಅಂಚಿಗೆ ಒಂದು ಕಾಲು ಇಟ್ಟಿದ್ದಳು. ಗೆಳೆಯರಲ್ಲಿ ಒಬ್ಬ, ದೋಣಿ ತಡೆಯುತ್ತೇನ್ರೀ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದ. ಆಗ ಅವನು, ಎಲ್ಲರಿಗಿಂತ ಮೊದಲು ತಾನೇ ನಗಬೇಕೆಂಬ ಆತುರದಲ್ಲಿ, “ಎಂಬತ್ತೆಂಟು ಕಿಲೋ, ಇಲಾಖೆಯ ಮುದ್ರೆ ಸಮೇತ. ಅಪ್ಪನ ಎಂಜಿನ್ನಿನ ನಾಲ್ಕು ಕುದುರೇಲಿ ಎರಡು ಇವಳಿಗೇ ಬೇಕು,” ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗುತ್ತಲೇ ಕಾಲು ಹಿಂದಕ್ಕೆ ತೆಗೆದುಕೊಂಡು, “ನಂಗೆ ಮನೇಲಿ ಸ್ವಲ್ಪ ಕೆಲಸ ಇದೆ, ನೀವು ಹೋಗಿಬನ್ನಿ,” ಎಂದು ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು. ಬುಟ್ಟಿಯೊಳಗೆ ಪ್ರತಿಯೊಬ್ಬರಿಗೂ ಕೈ ಒರೆಸಿಕೊಳ್ಳಲು ಒಂದೊಂದು ಬಟ್ಟೆಯ ತುಂಡನ್ನು ಮಡಿಸಿಟ್ಟಿದ್ದಳು.

ಆಮೇಲೆ ಅವಳು ಆ ದೋಣಿ ಹತ್ತಲಿಲ್ಲ. ಹತ್ತುವುದಿಲ್ಲ ಎಂದೂ ಹೇಳಲಿಲ್ಲ. ಸೇತುವೆ ಸುತ್ತಿಕೊಂಡು, ಅರ್ಧ ದಿನ ತಿನ್ನುವ ಬಸ್ಸಿನಲ್ಲಿ ಬರುತ್ತಿದ್ದಳು, ಹೋಗುತ್ತಿದ್ದಳು. ಅಪ್ಪ ಸತ್ತಾಗಲೂ ಬಸ್ಸಿನಲ್ಲೇ ಬಂದಳು. ನೀರೆಂದರೆ ತಲೆ ತಿರುಗುತ್ತೆ ಕಣೋ ಎಂದಳು. ಸೆಳೆತದ ನಡುವೆಯೂ ಮುಂದಿನ ಹಲಗೆಯ ಮೇಲೆ ಅಲುಗದೆ ಕೂತು ಬರುತ್ತಿದ್ದವಳು.

ಅಂಗಡಿಯ ಒಡತಿ ಒಳ್ಳೆಯವಳು. ಒಂದು ದಿನ ಹಾಕಿ ಓಡಿಸಿ ನೋಡಿ, ಒಗ್ಗದಿದ್ದರೆ ಬದಲಾಯಿಸಿಕೊಳ್ಳಿ ಎಂದು ಹದಿನೈದರ ಎಂಜಿನ್ನನ್ನು ವ್ಯಾನಿಗೆ ಹಾಕಿಸಿ, ಮೆಕ್ಯಾನಿಕ್ಕನನ್ನೂ ಜೊತೆಗೆ ಕಳಿಸಿಕೊಟ್ಟಳು. “ಕೂದಲು ಕೊಂಕದ ಹಾಗೆ ಕರ್ಕೊಂಡು ಬನ್ನಿ ನಿಮ್ಮಕ್ಕನ್ನ,” ಎಂದು ಬಾಗಿಲವರೆಗೆ ಬಂದಳು. ವ್ಯಾನಿನಲ್ಲಿ ಕೂತವನಿಗೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ ಆಗುತ್ತಿತ್ತು. ಅಕ್ಕನ ಸಾಮಾನು ನಿನ್ನೆಯೇ ಲಾರಿಯಲ್ಲಿ ಬಂದು ಮನೆಯ ಮೇಲಿನ ಕೋಣೆ ಸೇರಿತ್ತು. ಕೆಲಸದಿಂದ ನಿವೃತ್ತಳಾದ ಮೇಲೆ ಆಸ್ಪತ್ರೆಯ ಕ್ವಾರ್ಟರ್ಸ್ ಬಿಡಬೇಕಾಗಿ ಬಂದಿತ್ತು. ನಮ್ಮ ಮನೆಗೇ ಬನ್ನಿ ಅಕ್ಕ ಎಂದು ಫೋನಿನಲ್ಲಿ ಕರೆದವಳು ಅವನ ಹೆಂಡತಿ. ಅವನು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದ, ಫೋನಿಗೆ ತಲೆಯಾಡಿಸಿದ್ದು ಕಾಣುತ್ತದೆ ಅನ್ನುವ ಹಾಗೆ. ಇವತ್ತು ಮಧ್ಯಾಹ್ನದ ಬಸ್ಸಿಗೆ ಅಕ್ಕ ಹೊರಡುತ್ತಾಳೆ. ಬಸ್ಸಿನಲ್ಲಿ ಬಂದರೆ ಅವಳು ತಾನಾಗಿ ಬಂದ ಹಾಗೆ, ತಾನು ಕರೆದುಕೊಂಡು ಬಂದ ಹಾಗಲ್ಲ. ಆಮೇಲೆ ಒಂದೇ ಸೂರಿನ ಕೆಳಗೆ, ಒಂದೇ ಊಟದ ಮೇಜಿನಲ್ಲಿ, ಆ ಹಿಂತೆಗೆದುಕೊಂಡ ಕಾಲು ಅವರಿಬ್ಬರ ನಡುವೆ ದಿನಾ ಇರುತ್ತದೆ. ಅದಕ್ಕೇ ಎಂಜಿನ್ನು. ಭಾರ ಅನ್ನುವುದೇ ಗೊತ್ತಾಗದಂಥ, ಅವಳು ಕೂತದ್ದನ್ನು ದೋಣಿ ಲೆಕ್ಕಕ್ಕೇ ಇಡದಂಥ ಎಂಜಿನ್ನು. ಬೆಳಿಗ್ಗೆ ಇದನ್ನೆಲ್ಲ ಬೇರೆ ಮಾತುಗಳಲ್ಲಿ ಸುತ್ತಿ ಹೆಂಡತಿಗೆ ಹೇಳಿದಾಗ, ಮೇಲಿನ ಕೋಣೆಯ ಕಿಟಕಿಗೆ ಪರದೆ ಏರಿಸುತ್ತಿದ್ದವಳು ಸ್ಟೂಲಿನಿಂದ ಇಳಿಯದೆಯೇ, “ನೀವು ಹೋಗಿ ಕರೆದ್ರೆ ಬರ್ತಾರೆ ಕಣ್ರೀ. ಎಂಜಿನ್ ಯಾರನ್ನೂ ಕರೆಯಲ್ಲ,” ಎಂದಿದ್ದಳು. ಆಮೇಲೆ, ತಿಂಡಿ ತಿಂದು ಹೋಗಿ ಎಂದದ್ದನ್ನು ಅವನು ಕೇಳಿಸಿಕೊಳ್ಳದೆ ಹೊರಟುಬಂದಿದ್ದ.

ಕಟ್ಟೆಯ ಹತ್ತಿರ ಮೆಕ್ಯಾನಿಕ್ ಎಂಜಿನ್ನನ್ನು ಹಿಂದಿನ ಹಲಗೆಗೆ ಸಿಕ್ಕಿಸಿ ತಿರುಪು ಬಿಗಿಯುತ್ತಿದ್ದಂತೆ ದೋಣಿಯ ಹಿಂಭಾಗ ನೀರಿಗೆ ಕೂತಿತು. ಮುಂಭಾಗದಲ್ಲಿ, ಮುಂದಿನ ಹಲಗೆಯ ಕೆಳಗೆ, ಎರಡು ಮರಳಿನ ಮೂಟೆಗಳು ಮೈಗೆ ಮೈ ತಾಗಿಸಿಕೊಂಡು ಎಂದಿನಂತೆ ಕೂತಿದ್ದವು. ಅವನು ಅವನ್ನು ಎತ್ತತೊಡಗಿದ.

“ಅವು ಇರಲಿ ಸಾರ್,” ಎಂದ ಮೆಕ್ಯಾನಿಕ್. “ಹೋಗುವಾಗ ಒಬ್ಬರೇ ಅಲ್ವಾ?”

“ಬರುವಾಗ ಜನ ಇರ್ತಾರೆ.”

“ಬರುವಾಗ ತೆಗೆದ್ರಾಯ್ತಪ್ಪ. ಆ ದಡದಲ್ಲೂ ನೆಲ ಇದೆ.”

ಅವನು ಕೇಳಲಿಲ್ಲ. ಆ ಮೂಟೆಗಳನ್ನು ಅಕ್ಕ ನೋಡಬಾರದು. ಗೆಳೆಯರ ಜೊತೆ ಹೋದ ಆ ದಿನ ಅವಳಿಲ್ಲದ ದೋಣಿ ಮೂತಿ ಎತ್ತಿಕೊಂಡು ತೊನೆಯುತ್ತಾ ಹೋಗಿತ್ತು. ಯಾರಿಗೂ ಸುಖವಾಗಿರಲಿಲ್ಲ. ಮಾರನೆಯ ದಿನ ಅವನು ಎರಡು ಗೋಣಿಚೀಲಕ್ಕೆ ಮರಳು ತುಂಬಿ, ಆಫೀಸಿನ ಅದೇ ದೊಡ್ಡ ತಕ್ಕಡಿಯಲ್ಲಿ ತೂಗಿಸಿ, ಒಂದೊಂದೂ ನಲವತ್ತನಾಲ್ಕು, ಚೂರೂ ಹೆಚ್ಚುಕಮ್ಮಿ ಇಲ್ಲದಂತೆ ಹೊಲಿಸಿ ತಂದಿಟ್ಟಿದ್ದ. ಮನಸ್ಸಿನಲ್ಲಿ ಏನಿತ್ತು ಆಗ? ಬರೀ ಲೆಕ್ಕ ಇತ್ತು. ಲೆಕ್ಕ ಸರಿಹೋದರೆ ಎಲ್ಲ ಸರಿಹೋಗುತ್ತದೆ ಅನ್ನುವ ವಯಸ್ಸು. ಚೀಲಗಳು ಹಳತಾದಾಗಲೆಲ್ಲ ಹೊಸ ಚೀಲಕ್ಕೆ ಸುರಿದು ಮತ್ತೆ ತೂಗಿಸುತ್ತಿದ್ದ. ಅಕ್ಕನ ತೂಕ ಅಷ್ಟೂ ವರ್ಷ ದೋಣಿಯಲ್ಲಿ ಹಾಗೇ ಇತ್ತು, ಅಕ್ಕ ಇರಲಿಲ್ಲ. ಈಗ ಎರಡನೆಯ ಮೂಟೆಯನ್ನು ಮೆಟ್ಟಿಲಿಗೆ ಎಳೆಯುವಾಗ ಹೊಲಿಗೆ ಕಿತ್ತು ಮರಳು ಜರಜರನೆ ಮೆಟ್ಟಿಲಿಂದ ಮೆಟ್ಟಿಲಿಗೆ ಸುರಿಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, “ಸಾಹೇಬರೇ, ತೂಕದಲ್ಲಿ ಮೋಸ ಆಯ್ತು,” ಎಂದಳು. ಅವಳ ಪಕ್ಕದವಳು ಕಿಸಕ್ಕೆಂದಳು. ಅವನು ಕಿವಿ ಕೆಂಪಗಾಗಿ ದೋಣಿ ಹತ್ತಿದ.

ದಾಟಿದ್ದು ಒಂದು ಫಜೀತಿ. ಹಿಡಿ ತಿರುವಿದ್ದೇ ತಡ, ಖಾಲಿ ಮೂತಿ ಎದ್ದು ಆಕಾಶ ನೋಡಿತು. ಎದುರಿನ ದಡ ಮರೆಯಾಯಿತು. ಅವನಿಗೆ ಕಾಣುತ್ತಿದ್ದದ್ದು ಮುಂದಿನ ಹಲಗೆ ಮಾತ್ರ, ಯಾರೂ ಕೂರದ, ನಡುವಿನಲ್ಲಿ ಸವೆದು ನುಣುಪಾದ ಹಲಗೆ. ಹಿಂದಿನಿಂದ ನೀರು ನುಗ್ಗಿ ಪಾದ ತೋಯಿಸಿತು. ಕಟ್ಟೆಯಿಂದ ಯಾರೋ, “ಸಾರ್, ನೀರಲ್ಲೇ ಹೋಗಿ, ಮೇಲೆ ಬೇಡ,” ಎಂದು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ವೇಗ ತಗ್ಗಿಸಿ, ಒಂದು ಕೈ ಎಂಜಿನ್ನಿನ ಹಿಡಿಗೆ ಚಾಚಿ, ಉಳಿದ ಮೈಯನ್ನು ಆದಷ್ಟು ಮುಂದಕ್ಕೆ ಬಗ್ಗಿಸಿ, ಕಳ್ಳತನ ಮಾಡುವವನ ಹಾಗೆ ಅರೆಕೂತು ಅವನು ಹೊಳೆ ದಾಟಿದ. ಅಪ್ಪ ಹೇಳುತ್ತಿದ್ದರು, ಎಂಜಿನ್ ಎಷ್ಟು ದೊಡ್ಡದಿರಬೇಕು ಅಂದ್ರೆ, ಅದು ಕೆಟ್ಟಾಗ ಹುಟ್ಟು ಹಾಕ್ಕೊಂಡು ಮನೆ ಸೇರೋಕಾಗುವಷ್ಟು. ಅಪ್ಪನ ಮಾತುಗಳೇ ಹಾಗೆ, ಅರ್ಥವಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಇಷ್ಟಕ್ಕೂ ಅಕ್ಕನಿಗೆ ಆ ದಿನ ನೆನಪಿದೆಯೇ? ನೆನಪಿಲ್ಲದಿದ್ದರೆ ತಾನು ನೆನಪಿಸಿದ ಹಾಗಾಗುವುದಿಲ್ಲವೇ? ನಿಜವಾಗಿಯೂ ತಲೆ ತಿರುಗುವುದಾದರೆ? ಈ ಪ್ರಶ್ನೆಗಳು ಸಾಕಿದ ನಾಯಿಗಳ ಹಾಗೆ, ಅವನು ಎಲ್ಲಿಗೆ ಹೋದರೂ ಹಿಂದೆಯೇ ಬಂದು, ಅವನು ನಿಂತ ಕಡೆ ಮಲಗುತ್ತಿದ್ದವು.

ಕ್ವಾರ್ಟರ್ಸಿನ ಬಾಗಿಲು ತೆರೆದೇ ಇತ್ತು. ಆದರೂ ಅವನು ತಟ್ಟಿದ.

“ಬಾರೋ ಒಳಗೆ. ತಟ್ಟೋಕೆ ನೀನೇನು ಇನ್ಸ್‌ಪೆಕ್ಷನ್ನಿಗೆ ಬಂದಿದ್ದೀಯಾ?”

ಕೋಣೆ ಖಾಲಿಯಾಗಿತ್ತು. ಬೀರು ಇದ್ದ ಕಡೆ ಗೋಡೆಯ ಬಣ್ಣ ಹೊಸದಾಗಿತ್ತು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು, ಕಾಲ ಬಳಿ ಕೈಚೀಲ, ಕೊಡೆ, ಬಟ್ಟೆಯಲ್ಲಿ ಕಟ್ಟಿದ ಊಟದ ಡಬ್ಬಿ. ಮುಂದೆ ಬರುವವರಿಗೆಂದು ಒಲೆಯ ಕಟ್ಟೆಯ ಮೇಲೆ ಬೆಂಕಿಪೊಟ್ಟಣ, ಎರಡು ಮೇಣದಬತ್ತಿ, ಕುಡಿಯುವ ನೀರು ತುಂಬಿದ ಹೂಜಿ ಇಟ್ಟಿದ್ದಳು. ಅವನು ವಾಡಿಕೆಯಂತೆ ಅವಳ ಮುಖವನ್ನಷ್ಟೇ ನೋಡಿದ. ಕಟ್ಟೆಯ ಆ ದಿನದಿಂದ ಅವನು ಅವಳನ್ನು ಕತ್ತಿನಿಂದ ಕೆಳಗೆ ನೋಡಿದ್ದಿಲ್ಲ. ಜಗತ್ತನ್ನೆಲ್ಲ ತೂಗುವ ಕಣ್ಣು ಅವಳ ಹತ್ತಿರ ಬಂದಾಗ ತಾನಾಗಿಯೇ ಹಣೆಗೋ ಗೋಡೆಗೋ ಸರಿದುಬಿಡುತ್ತಿತ್ತು.

“ದೋಣಿ ತಂದಿದ್ದೀನಿ,” ಎಂದ.

“ಕಂಡೆ, ಕಿಟಕೀಲಿ. ಮೂತಿ ಮೇಲೆತ್ತಿಕೊಂಡು ಬರ್ತಿತ್ತು, ಈಜೋ ನಾಯಿ ಹಾಗೆ. ನೀನು ಅದರ ಬಾಲ.” ನಕ್ಕಳು. “ಎಂಜಿನ್ ಹೊಸದಾ?”

“ಹೂಂ.”

“ಎಷ್ಟರದು?”

“ಹದಿನೈದು.”

“ಅಪ್ಪನದು ನಾಲ್ಕು.”

“ನಾಲ್ಕು ಸಾಕಾಗ್ತಿರಲಿಲ್ಲ ಅಕ್ಕ.”

“ಸಾಕಾಗ್ತಿತ್ತು. ನಿಧಾನ ಆಗ್ತಿತ್ತು ಅಷ್ಟೇ.” ಸೆರಗಿನ ಅಂಚಿನ ಒಂದು ದಾರವನ್ನು ಅವಳು ಬೆರಳಿಗೆ ಸುತ್ತಿಕೊಂಡಳು. “ಯಾರ್ಯಾರನ್ನ ಲೆಕ್ಕ ಹಾಕಿ ಹದಿನೈದು ತಂದೆ?”

ಹೊರಗೆ ಆಸ್ಪತ್ರೆಯ ಅಂಗಳದಲ್ಲಿ ಯಾರೋ ಕಬ್ಬಿಣದ ಮಂಚವನ್ನು ಎಳೆಯುತ್ತಿದ್ದರು. ಆ ಸದ್ದು ಮುಗಿಯಲಿ ಎಂದು ಕಾಯುತ್ತಿರುವವನ ಹಾಗೆ ಅವನು ನಿಂತ. ಸದ್ದು ಮುಗಿಯಿತು.

“ಎಂಬತ್ತೆಂಟು ಅಂತ ಹಾಕಿದ್ಯಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರದವರನ್ನು, ಎಷ್ಟಿತ್ತು ಬೆಳಿಗ್ಗೆ, ಎಂದು ಕೇಳುವಂಥ ದನಿ. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

“ಹೂಂ,” ಎಂದ.

“ಅವತ್ತು ನಿನ್ನ ಆಫೀಸಲ್ಲಿ ತಕ್ಕಡಿ ಮೇಲೆ ನಿಂತಾಗ ನಾನು ಮುಳ್ಳು ನೋಡಲಿಲ್ಲ ಕಣೋ ಮರಿ,” ಎಂದಳು ಅಕ್ಕ. “ನಿನ್ನ ಮುಖ ನೋಡ್ತಿದ್ದೆ. ಎಷ್ಟು ದೊಡ್ಡ ಮನುಷ್ಯ ಆಗಿಬಿಟ್ಟ ನಮ್ಮನೆ ಹುಡುಗ ಅಂತ. ನನ್ನ ತೂಕ ಎಷ್ಟು ಅಂತ ನಂಗೆ ಗೊತ್ತಾಗಿದ್ದು ಕಟ್ಟೆ ಮೇಲೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋಗುವುದಿಲ್ಲ. ಅದು ಹೋಗಿ ಇನ್ನೊಬ್ಬರ ಮನೆಯ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತದೆ, ಆಡಿದವನು ಎಂದಾದರೂ ಒಂದು ದಿನ ಬರುತ್ತಾನೆ ಎಂದು. ಅವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳು ಒಂದೂ ನಾಲಿಗೆಗೆ ಬರಲಿಲ್ಲ. ಚಿಕ್ಕವನಿದ್ದೆ, ಗೊತ್ತಾಗಲಿಲ್ಲ ಎನ್ನಬಹುದಿತ್ತು. ಚಿಕ್ಕವನೇನೂ ಆಗಿರಲಿಲ್ಲ, ಗೊತ್ತಾಗಿಯೂ ಇತ್ತು. ಅವಳು ಕಾಲು ತೆಗೆದುಕೊಂಡ ಆ ಗಳಿಗೆಯಲ್ಲೇ ಗೊತ್ತಾಗಿತ್ತು.

“ತಪ್ಪಾಯ್ತು ಅಕ್ಕ,” ಎಂದ. ಅದು ಕೋಣೆಯಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. ಅವಳು ಹೂಂ ಅನ್ನಲಿಲ್ಲ, ಇರಲಿ ಬಿಡು ಅನ್ನಲಿಲ್ಲ. ಕೊಡೆಯ ಹಿಡಿಯನ್ನು ನೋಡುತ್ತಾ ಕೂತಳು. ಅವಳು ಇರಲಿ ಬಿಡು ಅನ್ನದೇ ಇದ್ದದ್ದರಿಂದ ಅವನಿಗೆ ಯಾಕೋ ಉಸಿರು ಸ್ವಲ್ಪ ಸರಾಗವಾಯಿತು.

“ಮುಂದಿನ ಹಲಗೆ ಮೇಲೆ ಕೂರೋಕೆ ಯಾರೂ ಇಲ್ಲ,” ಎಂದ ಅವನು ಕೊನೆಗೆ, ನೆಲ ನೋಡುತ್ತಾ.

“ಮೂಟೆ ಇತ್ತಲ್ಲ.”

ಅವನು ತಲೆ ಎತ್ತಿದ.

“ಇಲ್ಲಿಂದ ಎಲ್ಲ ಕಾಣುತ್ತೆ. ನೀನು ಈ ದಡದ ಅಂಗಡಿಗಳಿಗೆ ಬರೋದು, ಹೋಗೋದು. ಎರಡು ಮೂಟೆ ಮುಂದೆ. ಒಳ್ಳೇ ಗಂಡ ಹೆಂಡತಿ ಥರ ಕೂತಿರ್ತಿದ್ದವು.”

“ತೆಗೆದುಬಿಟ್ಟೆ. ನೀನು ಬರ್ತೀಯಲ್ಲ ಅಂತ.”

ಅಕ್ಕ ಎದ್ದಳು. ಏಳುವಾಗ ಕಿಟಕಿಯ ಅಂಚು ಹಿಡಿದುಕೊಂಡಳು. “ನಾನು ಈಗ ಒಂದು ಮೂಟೆಗೆ ಸಮ ಆದ್ರೆ ಹೆಚ್ಚು ಕಣೋ,” ಎಂದಳು. ಕಿಟಕಿಯ ಬೆಳಕು ಅವಳ ಮೇಲೆ ಬಿತ್ತು. ಅಷ್ಟೂ ವರ್ಷ ಹಣೆಗೆ ಸರಿಯುತ್ತಿದ್ದ ಅವನ ಕಣ್ಣು ಆಗ ಮೊದಲ ಬಾರಿಗೆ ಇಳಿದು ಅವಳನ್ನು ಪೂರ್ತಿ ನೋಡಿತು. ರವಿಕೆಯ ತೋಳು ಎರಡು ಕಡೆ ಒಳಕ್ಕೆ ಹಿಡಿದು ಹೊಲಿದಿತ್ತು. ಕೈಗಡಿಯಾರದ ಪಟ್ಟಿಗೆ ಹೊಸದಾಗಿ ತೂತು ಹೊಡೆಸಿ, ಉಳಿದ ತುದಿಯನ್ನು ದಾರದಿಂದ ಕಟ್ಟಿಕೊಂಡಿದ್ದಳು. ಭುಜದ ಮೂಳೆ ಸೆರಗನ್ನು ಎತ್ತಿ ಹಿಡಿದಿತ್ತು. ಯಾವಾಗ ಆಯಿತು ಇದು? ರೋಗವೇನೂ ಇರಲಿಲ್ಲ, ಇದ್ದಿದ್ದರೆ ಹೆಂಡತಿಗೆ ಗೊತ್ತಿರುತ್ತಿತ್ತು. ಬರೀ ವಯಸ್ಸು ಇರಬೇಕು. ಒಂದೊಂದು ವರ್ಷ ಒಂದೊಂದು ಹಿಡಿ ತೆಗೆದುಕೊಂಡು ಹೋಗಿತ್ತು, ಅವನು ಬೇರೆ ಕಡೆ ನೋಡುತ್ತಿದ್ದಾಗ. ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿದವನು ಸ್ವಂತ ಅಕ್ಕನಿಗೆ ಹಳೆಯ ಬಟ್ಟನ್ನೇ ಇಟ್ಟು ತೂಗಿ ಬಂದಿದ್ದ. ಹೊಸ ಸಂಖ್ಯೆಯೊಂದು ಮನಸ್ಸಿನ ಬಾಗಿಲವರೆಗೆ ಬಂದು ನಿಂತಿತು. ಅವನು ಬಾಗಿಲು ತೆಗೆಯಲಿಲ್ಲ.

“ಬಸ್ಸು?” ಎಂದ.

“ಬಸ್ಸಿಗೇನು, ನನ್ನನ್ನ ಬಿಟ್ಟೇ ಹೋಗುತ್ತೆ.” ಅವಳು ಕೊಡೆಯನ್ನು ಅವನ ಕೈಗೆ ಕೊಟ್ಟು ಚೀಲ ತೆಗೆದುಕೊಂಡಳು. ಅವನು ಚೀಲಕ್ಕೂ ಕೈ ಚಾಚಿದಾಗ ಕೊಟ್ಟಳು. ಡಬ್ಬಿಯನ್ನು ಮಾತ್ರ ಕೊಡಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯ ನರ್ಸ್ ಹುಡುಗಿಗೆ ಕೊಟ್ಟು, ಅವಳ ಕೆನ್ನೆಯನ್ನು ಎರಡು ಬೆರಳಿನಿಂದ ತಟ್ಟಿದಳು.

ನೀರಿನ ಹತ್ತಿರ ಬಂದಾಗ ಅವಳು ನಿಂತಳು. ನಿರಿಗೆಯನ್ನು ಎತ್ತಿ ಹಿಡಿದಳು. ಅವನು ದೋಣಿಯನ್ನು ದಡಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಅವಳ ಕಡೆಗೆ ಚಾಚಿ, ತಾನು ಈಗ ಏನೂ ಮಾತಾಡದೆ ಇದ್ದರೆ ಸಾಕು ಎಂದುಕೊಂಡ. ಅಕ್ಕ ಅಂಚಿಗೆ ಒಂದು ಕಾಲು ಇಟ್ಟಳು. ಒಂದು ಗಳಿಗೆ ಹಾಗೇ ಇದ್ದಳು, ದೋಣಿಯ ಮರಕ್ಕೆ ತನ್ನನ್ನು ಗುರುತು ಹಿಡಿಯಲು ಸಮಯ ಕೊಡುವವಳ ಹಾಗೆ. ಆಮೇಲೆ ಅವನ ಕೈ ಹಿಡಿದು ಇನ್ನೊಂದು ಕಾಲನ್ನೂ ತಂದಳು. ನಡುವಿನ ಹಲಗೆಯನ್ನು ದಾಟಿ, ಮುಂದಿನದರ ಮೇಲೆ ಅವನಿಗೆ ಬೆನ್ನು ಮಾಡಿ ಕೂತಳು. ದೋಣಿ ತಗ್ಗಲೇ ಇಲ್ಲ ಅನ್ನುವಷ್ಟು ಕಡಿಮೆ ತಗ್ಗಿತು.

ಎಂಜಿನ್ ಹೂಂಕರಿಸಿ ಎದ್ದಿತು. ಸ್ವಲ್ಪ ಹಿಡಿ ತಿರುವಿದರೂ ಮೂತಿ ಅಕ್ಕನ ಸಮೇತ ಮೇಲಕ್ಕೆ ಏಳತೊಡಗಿತು. ಹಲಗೆ ಗಟ್ಟಿಯಾಗಿ ಹಿಡಿದುಕೊಂಡು ಅವಳು ಕತ್ತು ತಿರುಗಿಸದೆಯೇ ಒಂದು ಕೈ ಎತ್ತಿ, ಅಂಗೈಯನ್ನು ಕೆಳಮುಖ ಮಾಡಿ, ನಿಧಾನವಾಗಿ ಇಳಿಸಿ ತೋರಿಸಿದಳು. ಅಪ್ಪನಿಗೂ ಹೀಗೆಯೇ ತೋರಿಸುತ್ತಿದ್ದಳು. ಅವನು ತಗ್ಗಿಸಿದ. ಇನ್ನೂ ತಗ್ಗಿಸಿದ. ಹದಿನೈದು ಕುದುರೆಗಳು ಒಂದೊಂದಾಗಿ ಲಗಾಮು ಕಚ್ಚಿಕೊಂಡು ನಿಂತು, ನಾಲ್ಕೈದು ಮಾತ್ರ ನಡೆಯುತ್ತಿರುವಂತೆ ಸದ್ದು ಇಳಿಯಿತು. ಮೂತಿ ಮೆಲ್ಲಗೆ ಬಾಗಿ ನೀರಿಗೆ ಕೂತಿತು. ಎದುರಿನ ದಡ ಕಾಣಿಸಿತು. ಸಂಜೆ ಇದನ್ನು ವಾಪಸು ಕೊಟ್ಟು ಎಂಟರದನ್ನು ತರಬೇಕು. ಎಂಟೂ ಹೆಚ್ಚೇ ಆದೀತು. ಅಂಗಡಿಯ ಒಡತಿ ನಗುತ್ತಾಳೆ, ನಗಲಿ. ಮುದ್ರೆಯಿಲ್ಲದ ಆ ಯಂತ್ರದ ವಿಷಯವನ್ನು ಹೇಳಿಬಿಡಬೇಕು, ಮೆಲ್ಲಗೆ, ಅವಳಿಗೆ ಮುಜುಗರವಾಗದ ಹಾಗೆ. ನಡುಹೊಳೆಯ ಸೆಳೆತ ದೋಣಿಯನ್ನು ಅಡ್ಡಕ್ಕೆ ಎಳೆಯಿತು. ಒಂದು ಅಲೆ ಮೂತಿಗೆ ಬಡಿದು ಅಕ್ಕನ ಮೇಲೆ ಎರಚಿತು. ಸಣಕಲಾದ ಬೆನ್ನು ಈಗ ಎಲ್ಲವನ್ನೂ ತಡೆಯಲಾರದೆ, ಅವಳ ಎರಡೂ ಪಕ್ಕದಿಂದ ಹನಿಗಳು ಹಾರಿಬಂದು ಅವನ ಮುಖಕ್ಕೆ ಬಿದ್ದವು. ಅವನು ಒರೆಸಿಕೊಳ್ಳಲಿಲ್ಲ.

“ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?” ಮುಂದಿನಿಂದ ಕೇಳಿಸಿತು.

ಅವನು ಉತ್ತರ ಕೊಡುವಷ್ಟರಲ್ಲಿ ಅವಳು ಪಕ್ಕದಲ್ಲಿ ಮಲಗಿಸಿದ್ದ ಹುಟ್ಟನ್ನು ಎಳೆದುಕೊಂಡಾಗಿತ್ತು. ನಡುಹೊಳೆಯಲ್ಲಿ ಯಾರೂ ಜಾಗ ಬಿಟ್ಟು ಏಳಬಾರದು ಅನ್ನುವುದು ಅಪ್ಪನ ಕಟ್ಟಳೆ. ಅದಕ್ಕೇ ಆ ಮನೆಯ ದೋಣಿಯಲ್ಲಿ ಊಟ ಯಾವಾಗಲೂ ಹುಟ್ಟಿನ ಮೇಲೆ ಬರುತ್ತಿತ್ತು. ಅಕ್ಕ ಬಸ್ಸಿಗೆಂದು ಕಟ್ಟಿಕೊಂಡಿದ್ದ ಡಬ್ಬಿಯ ಗಂಟು ಬಿಚ್ಚಿ, ಎರಡು ಅಂತಸ್ತಿನಲ್ಲಿ ಒಂದನ್ನು ಮಡಿಲಲ್ಲಿ ಇಟ್ಟುಕೊಂಡಳು. ಹೆಚ್ಚು ತುಂಬಿದ್ದ ಇನ್ನೊಂದನ್ನು ಮುಚ್ಚಿ, ಹುಟ್ಟಿನ ಅಗಲದ ತುದಿಯ ಮೇಲೆ ಕೂರಿಸಿ, ಮೇಲೆ ಮಡಿಸಿದ ಬಟ್ಟೆಯ ತುಂಡೊಂದನ್ನು ಇಟ್ಟಳು. ಆಮೇಲೆ, ತಿರುಗಿ ನೋಡದೆಯೇ, ದೋಣಿಯ ತಳದ ಮೇಲೆ ಹುಟ್ಟನ್ನು ಹಿಂದಕ್ಕೆ, ಮೆಲ್ಲಗೆ, ಅವನ ಒದ್ದೆ ಪಾದಕ್ಕೆ ತಾಗುವವರೆಗೆ ಜಾರಿಸಿದಳು. ಡಬ್ಬಿ ಇನ್ನೂ ಬೆಚ್ಚಗಿತ್ತು.